ತೂತುಬಂಡೆಗೆ ಹೋಗಿ ಬಂದ ದಿನ

ನಮ್ಮ ಮನೆಯ ಹಿಂದಿನ ಗದ್ದೆ ದಾಟಿ, ಕಾಡಿನೊಳಗೆ ಅರ್ಧ ಗಂಟೆ ಏರಿದರೆ ತೂತುಬಂಡೆ ಸಿಗುತ್ತದೆ. ಗುಡ್ಡದ ಓರೆಯಿಂದ ಹೊರಟ ದೊಡ್ಡ ಬಂಡೆಯೊಂದು ಬಾಗಿ, ಮತ್ತೆ ನೆಲಕ್ಕೆ ಊರಿಕೊಂಡಿದೆ. ನಡುವೆ ಕಮಾನಿನಂತೆ ಬರೀ ಬಯಲು. ಅದರಡಿಯಲ್ಲಿ ಹುಲ್ಲು ತುಂಬಿದ ಜೀಪು ಸರಾಗವಾಗಿ ಹಾದುಹೋಗಬಹುದಿತ್ತು, ಅಲ್ಲಿಯವರೆಗೆ ಜೀಪು ಹೋಗುವ ದಾರಿ ಇದ್ದಿದ್ದರೆ. ಯಾರೂ ಕಟ್ಟಿದ್ದಲ್ಲ, ಮಳೆ ಗಾಳಿ ಕೊರೆದದ್ದು ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದರು. ಈಚೆಗೆ ಯಾರೋ ಅದರ ವಿಡಿಯೊ ಮಾಡಿ ಹಾಕಿದ ಮೇಲೆ ಭಾನುವಾರ ಜನ ಬರುತ್ತಾರೆ. ನಮ್ಮ ಅಂಗಳದಲ್ಲಿ ಬೈಕು ನಿಲ್ಲಿಸಿ ದಾರಿ ಕೇಳುತ್ತಾರೆ. ನಾನು ಗದ್ದೆಯ ಅಂಚಿನವರೆಗೆ ಬಂದು ಕೈ ತೋರಿಸುತ್ತೇನೆ. ಜೊತೆಗೆ ಬನ್ನಿ ಎಂದರೆ ಕೆಲಸವಿದೆ ಎನ್ನುತ್ತೇನೆ.

ಒಬ್ಬಳ ಜೊತೆ ನಾನು ಅಲ್ಲಿಗೆ ಹೋಗಿ ಬಂದ ದಿನದ ವಿಷಯ ಇದು.

ಆಗ ನನಗೆ ಮೂವತ್ತೊಂಬತ್ತು ವರ್ಷ. ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ನಾನು, ಅಮ್ಮ. ಗದ್ದೆ ಇತ್ತು, ಗುಡ್ಡದ ಓರೆಯಲ್ಲಿ ಸ್ವಲ್ಪ ಕಾಫಿ ಇತ್ತು, ಊಟಕ್ಕೆ ಯಾವತ್ತೂ ತೊಂದರೆಯಾಗಿಲ್ಲ. ಹೆಣ್ಣು ಮಾತ್ರ ಸಿಗಲಿಲ್ಲ. ಕೊಪ್ಪ, ಶೃಂಗೇರಿ ಕಡೆ ನನ್ನಂಥವರು ಊರಿಗೆ ನಾಲ್ಕು ಜನ ಇದ್ದಾರೆ. ಯಾರೂ ಅದನ್ನು ವಿಶೇಷವೆಂದು ಮಾತಾಡುವುದಿಲ್ಲ. ಓದಿದ ಹುಡುಗಿಯರು ಪೇಟೆಯಲ್ಲಿ ಬದುಕಬೇಕೆಂದು ಆಸೆಪಟ್ಟರೆ ತಪ್ಪೆನ್ನಲು ನನಗೆ ಬಾಯಿಲ್ಲ. ನನ್ನ ಸ್ವಂತ ಅಕ್ಕನೇ ಗದ್ದೆಯಿರುವ ಮನೆ ಬೇಡವೆಂದು ಹಟ ಹಿಡಿದು ನರಸಿಂಹರಾಜಪುರದ ಅಂಗಡಿಯವರನ್ನು ಮದುವೆಯಾದವಳು. ಆ ಅಕ್ಕನೇ ನನ್ನನ್ನು ಕರೆದುಕೊಂಡು ಹತ್ತು ವರ್ಷ ಹೆಣ್ಣು ನೋಡಲು ತಿರುಗಿದಳು. ಶೃಂಗೇರಿ ಕಡೆಯ ಒಂದು ಮನೆಯಲ್ಲಿ ಹುಡುಗಿಯ ತಾಯಿ, ನಿಮ್ಮ ಮನೇಲಿ ನೆಟ್‌ವರ್ಕ್ ಸಿಗುತ್ತಾ ಎಂದು ಕೇಳಿದರು. ಕೊಟ್ಟಿಗೆಯ ಹತ್ತಿರ ನಿಂತರೆ ಸಿಗುತ್ತದೆ ಎಂದೆ. ಹುಡುಗಿ ಬಾಗಿಲ ಹಿಂದೆಯೇ ನಕ್ಕಿದ್ದು ಕೇಳಿಸಿತು. ಹೊರಗೆ ಬಂದ ಮೇಲೆ ಅಕ್ಕ ಬೈದಳು, "ಸಿಗ್ತದೆ ಅಂತ ಅಷ್ಟೇ ಹೇಳಕ್ಕೆ ಆಗ್ತಿರ್ಲಿಲ್ಲನಾ ನಿಂಗೆ?"

ಬಾಳೆಹೊನ್ನೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಒಬ್ಬರಿದ್ದರು. ಅವರ ಹೆಂಡತಿಯ ಊರು ಹಾವೇರಿ ಕಡೆ. ಹಾಗಾಗಿ ಆ ಕಡೆಯ ಹೆಣ್ಣುಗಳನ್ನು ನಮ್ಮ ಕಡೆಗೆ ತಂದುಕೊಡುವ ಕೆಲಸವನ್ನೂ ಮಾಡುತ್ತಿದ್ದರು. ಜಯಪುರದ ಹತ್ತಿರ ಅವರು ಮಾಡಿಸಿದ ಎರಡು ಮದುವೆಗಳು ಚೆನ್ನಾಗಿಯೇ ನಡೆದಿದ್ದವು. ಅಕ್ಕ ಅವರ ಬೆನ್ನು ಬಿದ್ದಳು. ಕೊನೆಗೊಂದು ದಿನ ಅವರು ಫೋನು ಮಾಡಿ, ಹುಡುಗಿ, ಅವಳ ಅಣ್ಣ ಇಬ್ಬರೂ ಬರುತ್ತಾರೆ, ಮನೆ ನೋಡಬೇಕಂತೆ ಎಂದರು. ಮೊದಲೆಲ್ಲ ಗಂಡಿನವರು ಹೋಗಿ ಹೆಣ್ಣು ನೋಡುವುದು. ಈಗ ಹೆಣ್ಣಿನವರು ಬಂದು ಮನೆ, ಬಚ್ಚಲು, ರಸ್ತೆ ಎಲ್ಲ ನೋಡಿ ಹೋಗುತ್ತಾರೆ. ಅಮ್ಮ ಹಿಂದಿನ ದಿನವೇ ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು.

ಕಾಫಿ ಕುಯ್ಲು ಮುಗಿದು ಕಾಡಿನ ಎಲೆಯೆಲ್ಲ ಉದುರುವ ಕಾಲ. ಮಧ್ಯಸ್ಥಿಕೆ ವಹಿಸಿದ ಪಂಪ್‌ಸೆಟ್ಟಿನವರ ಜೊತೆ ಅವರು ಕಾರಿನಲ್ಲಿ ಬಂದರು. ಘಾಟಿಯ ತಿರುವುಗಳಲ್ಲಿ ಹುಡುಗಿಯ ಅಣ್ಣನಿಗೆ ತಲೆ ಸುತ್ತಿ, ಎರಡು ಸಲ ಕಾರು ನಿಲ್ಲಿಸಿ ಕಕ್ಕಿದ್ದರಂತೆ. ಬಿಳಿಚಿಕೊಂಡು ಬಂದು ಜಗಲಿಯ ಮೇಲೆ ಕೂತವರು ಲಿಂಬೆ ಶರಬತ್ತು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಒಳ್ಳೆಯ ಮನುಷ್ಯರಂತೆಯೇ ಕಂಡರು. ದಪ್ಪ ಮೀಸೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವಳು ಒಳಗೆ ಅಮ್ಮನ ಹತ್ತಿರ ಹೋಗಿ ನಿಂತಳು. ಮೂವತ್ತೊಂದು ವರ್ಷ ಎಂದು ಹೇಳಿದ್ದರು. ಎತ್ತರದ ಹೆಂಗಸು, ಮಾತಾಡುವಾಗ ಎದುರಿನವರ ಮುಖ ನೋಡಿಯೇ ಮಾತಾಡುತ್ತಿದ್ದಳು. ಬ್ಲೌಸು ಹೊಲಿಯುವ ಕೆಲಸ ಮಾಡುತ್ತಿದ್ದಳಂತೆ. ಅಮ್ಮನ ಸೀರೆಯ ಅಂಚು ಬಿಚ್ಚಿದ್ದನ್ನು ನೋಡಿ, ಸೂಜಿ ಕೊಡ್ರಿ, ಹೊಲದ್ ಕೊಡ್ತೀನಿ ಎಂದಳು. ಅಮ್ಮನಿಗೆ ಅಷ್ಟೇ ಸಾಕಾಯಿತು.

ಊಟವಾದ ಮೇಲೆ ಎಲ್ಲರೂ ಜಗಲಿಯಲ್ಲಿ ಕೂತರು. ಆಗ ಅಕ್ಕ ನನಗೆ ಹೇಳಿದಳು, "ಇಲ್ಲಿ ಕೂತ್ಕಂಡು ಎಂತ ಮಾತಾಡ್ತೀರಿ? ತೂತುಬಂಡೆ ತೋರಿಸ್ಕಂಡು ಬಾ ಹೋಗಾ."

ಹುಡುಗಿಯ ಅಣ್ಣ ತಾನೂ ಬರುತ್ತೇನೆಂದು ಎದ್ದರು. ಎದ್ದವರು ತಲೆ ತಿರುಗಿ ಮತ್ತೆ ಕೂತರು. ಮಧ್ಯಸ್ಥಿಕೆಯವರು ಸಮಾಧಾನ ಮಾಡಿದರು, "ಅರ್ಧ ಗಂಟೆ ದಾರಿ ಅಷ್ಟೇ ಮಾರಾಯ್ರೇ. ಹಗಲು ಹೊತ್ತು. ಹೋಗ್ಬರ್ಲಿ ಬಿಡಿ."

ಹೊರಡುವಾಗ ಅಮ್ಮ ಒಂದು ಸಣ್ಣ ಬಾಟಲಿ ತಂದು ಅವಳ ಕೈಗೆ ಕೊಟ್ಟಳು. ಆಶಾ ಕಾರ್ಯಕರ್ತೆ ಮನೆಮನೆಗೆ ಹಂಚಿ ಹೋಗಿದ್ದ ಎಣ್ಣೆ.

"ಕೈ ಕಾಲಿಗೆ ಹಚ್ಕಳಮ್ಮ. ಈಗ ಕಾಡಲ್ಲಿ ಉಣುಗು ಜಾಸ್ತಿ. ಕಚ್ಚಿದ್ರೆ ಮಂಗನ ಕಾಯಿಲೆ ಬರ್ತದೆ."

"ಬಂದ್ರ ಏನ್ ಆಗತೈತ್ರೀ?" ಎಂದು ಅವಳು ಕೇಳಿದಳು.

ಅಮ್ಮ ಉತ್ತರ ಹೇಳಲು ಬಾಯಿ ತೆರೆದಳು. ಅಕ್ಕ ಅಮ್ಮನ ಕೈ ಚಿವುಟಿದ್ದು ನನಗೆ ಕಂಡಿತು. "ಎಂತ ಆಗಲ್ಲ. ಸುಮ್ನೆ, ಎಣ್ಣೆ ಹಚ್ಚಿದ್ರೆ ಒಳ್ಳೇದು," ಎಂದಳು ಅಕ್ಕ. ಹುಡುಗಿ ಬಗ್ಗಿ ಪಾದದ ಸುತ್ತ, ಮೊಣಕೈಯವರೆಗೆ ಎಣ್ಣೆ ಹಚ್ಚಿಕೊಂಡಳು. ಅಕ್ಕ ತನ್ನ ಕ್ಯಾನ್ವಾಸ್ ಶೂ ಕೊಟ್ಟಳು. ಅದು ಅವಳಿಗೆ ಸ್ವಲ್ಪ ಬಿಗಿಯಾಯಿತು.

ಕೊಯ್ದ ಗದ್ದೆಯ ಕೂಳೆಯ ಮೇಲೆ ನಡೆದು, ಒಣಗಿದ ಹಳ್ಳ ದಾಟಿದೆವು. ಅಲ್ಲಿಂದ ಕಾಡು. ದಾರಿ ತಪ್ಪದಿರಲೆಂದು ಅರಣ್ಯ ಇಲಾಖೆಯವರು ಮರಗಳ ಮೇಲೆ ಹಳದಿ ಬಣ್ಣದ ಬಾಣ ಬರೆದಿದ್ದರು. ನಾನು ಮುಂದೆ, ಅವಳು ಹಿಂದೆ. ಕಾಲ ಕೆಳಗೆ ಪಾದ ಹೂತುಹೋಗುವಷ್ಟು ತರಗೆಲೆ. ಇಬ್ಬರು ನಡೆದರೆ ಹತ್ತು ಜನ ನಡೆದಂತೆ ಸದ್ದು. ಏರಿನಲ್ಲಿ ಒಣ ಎಲೆ ಜಾರುತ್ತದೆಂದು ಒಂದು ಕೋಲು ಮುರಿದು ಕೊಟ್ಟೆ.

ಹೆಂಗಸರ ಜೊತೆ ಒಬ್ಬನೇ ಮಾತಾಡಿ ನನಗೆ ರೂಢಿಯಿಲ್ಲ. ಬಾಯಿಗೆ ಬಂದದ್ದು ಮರಗಳ ಹೆಸರು. ಇದು ನಂದಿ, ಇದು ಹೊನ್ನೆ, ಆ ಆಲದ ಹಣ್ಣಿಗೆ ಮಂಗಟ್ಟೆ ಹಕ್ಕಿ ಬರ್ತದೆ ಎಂದು ಹೇಳುತ್ತಲೇ ಹೋದೆ. ಅವಳು ಪ್ರತಿಯೊಂದಕ್ಕೂ ಹೌದೇನ್ರೀ ಎನ್ನುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಹೌದೇನ್ರೀ ನಿಂತಿತು. ತಿರುಗಿ ನೋಡಿದರೆ ಅವಳು ಕೋಲೂರಿ ತಲೆ ಎತ್ತಿ ನಿಂತಿದ್ದಳು.

"ಇಲ್ಲಿ ಮುಗಲಾ ಕಾಣಂಗಿಲ್ಲಲ್ರೀ," ಎಂದಳು.

"ಗದ್ದೇಲಿ ಕಾಣ್ತದಲ್ಲ," ಎಂದೆ.

"ಗದ್ದ್ಯಾಗೂ ನೋಡಿದ್ನಿರೀ. ನಾಕೂ ಕಡಿ ಗುಡ್ಡ, ನಡಕ್ ಒಂದೀಟ." ಅಂಗೈಯನ್ನು ಬಟ್ಟಲಿನಂತೆ ಮಾಡಿ ತೋರಿಸಿದಳು. ಆಮೇಲೆ ಕಿವಿಗೊಟ್ಟು ಕೇಳಿ, "ಈ ಸಪ್ಪಳಾ ಏನ್ರೀ?"

"ಜೀರುಂಡೆ."

"ದಿನಾ ಹಿಂಗಾ ಒದರ್ತಾವೇನ್ರೀ?"

ದಿನಾ ಒದರುತ್ತವೆ ಎಂದು ಹೇಳಲು ಮನಸ್ಸಾಗದೆ, ಈಗ ಸ್ವಲ್ಪ ಜಾಸ್ತಿ ಎಂದೆ. ನಿಜ ಹೇಳಬೇಕೆಂದರೆ, ಅವಳು ಕೇಳುವವರೆಗೆ ಆ ಸದ್ದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ.

ನಿಮ್ಮ ಪಕ್ಕದ ಮನೆ ಎಲ್ಲಿ ಎಂದು ಕೇಳಿದಳು. ಕೆಳಗೆ, ಗುಡ್ಡದ ತಿರುವಿನ ಆಚೆ ಎಂದು ತೋರಿಸಿದೆ. ಅಲ್ಲಿ ಬರೀ ಮರ ಕಾಣುತ್ತಿತ್ತು. ಅವರ ಊರಿನಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಂತೆ. ಇವಳು ಸೀನಿದರೆ ಆಚೆ ಮನೆಯ ಅತ್ತಿ ಕೂಗಿ ಬೈಯುತ್ತಾಳಂತೆ. ಹೊಲಕ್ಕೆ ಹೋದರೆ, ಎರಡು ಊರು ಆಚೆ ಬರುವ ಬಸ್ಸಿನ ಧೂಳು ಕಾಣುತ್ತದಂತೆ. ಬಸ್ಸಿನ ಧೂಳಿನ ಮಾತು ಹೇಳುವಾಗ ಅವಳ ಮುಖ ಬಿಚ್ಚಿಕೊಂಡಿತ್ತು. ಆಗ ನಾನು ಅದನ್ನು ಬೇರೆ ರೀತಿ ತಿಳಿದೆ. ನನ್ನ ಜೊತೆ ಮಾತಾಡಿ ಸಲಿಗೆ ಬಂತು ಎಂದುಕೊಂಡೆ. ಏರು ಹತ್ತುತ್ತ ಮನಸ್ಸಿನಲ್ಲೇ ಮನೆಯನ್ನು ಸರಿಮಾಡತೊಡಗಿದ್ದೆ. ಜಗಲಿಯ ಕಿಟಕಿಯ ಹತ್ತಿರ ಹೊಲಿಗೆ ಮೆಷಿನ್ ಇಡಬಹುದು. ಅಂಗಳಕ್ಕೆ ದೊಡ್ಡ ದೀಪ ಹಾಕಿಸಬಹುದು. ತಂತಿಯ ಮೇಲೆ ಅಮ್ಮನ ಎರಡು ಸೀರೆಯ ಪಕ್ಕ ಬೇರೆ ಬಣ್ಣದ ಬಟ್ಟೆ ಒಣಗುವುದು ಕಣ್ಣಿಗೆ ಕಟ್ಟಿತು. ಅದು ಕಟ್ಟಿದ್ದೇ ನನ್ನ ಕಷ್ಟಕ್ಕೆ ಬಂತು.

ತೂತುಬಂಡೆ ತಿರುವಿನಲ್ಲಿ ಒಮ್ಮೆಲೇ ಎದುರಾಗುತ್ತದೆ. ಮೊದಲ ಸಲ ನೋಡಿದವರು ನಿಂತುಬಿಡುತ್ತಾರೆ. ಅವಳೂ ನಿಂತಳು. ಬಂಡೆಯಡಿಗೆ ಹೋದರೆ ತಂಪು, ಬಾವಲಿಯ ವಾಸನೆ. ಮೇಲೆ ಹೆಜ್ಜೇನು ಕಟ್ಟಿ ಬಿಟ್ಟುಹೋದ ಕಪ್ಪು ಕಲೆಗಳು. ಯಾರೋ ಸುಣ್ಣದಲ್ಲಿ ತಮ್ಮ ಹೆಸರು, ಪಕ್ಕದಲ್ಲೊಂದು ಹೆಣ್ಣಿನ ಹೆಸರು ಬರೆದಿದ್ದರು. ಅವಳು ಅಡಿಯಲ್ಲಿ ನಿಲ್ಲದೆ ಸೀದಾ ಆಚೆ ಬದಿಗೆ ಹೋದಳು. ಅಲ್ಲಿ ಮರಗಳಿಲ್ಲ, ಬಂಡೆ ಇಳಿಜಾರಾಗಿ ಹೋಗಿ ಕಣಿವೆಗೆ ಮುಗಿಯುತ್ತದೆ. ಬಿಸಿಲು ಚುರುಗುಟ್ಟುವ ಕಲ್ಲಿನ ಮೇಲೆ ಕೂತು ಆಕಾಶ ನೋಡಿದಳು. ನಾನು ನೆರಳಿನಲ್ಲೇ ನಿಂತೆ. ನೀರಿನ ಬಾಟಲಿ ಕೊಟ್ಟೆ. ಕುಡಿದು, ಮುಚ್ಚಳ ಹಾಕಿ, ಪಕ್ಕದಲ್ಲಿಟ್ಟಳು.

"ನಾ ಒಂದ್ ಮಾತ್ ಹೇಳ್ಲೇನ್ರೀ? ಸಿಟ್ಟಾಗಬಾರ್ದು."

"ಹೇಳಿ."

"ನೀವ್ ಕೆಟ್ಟವ್ರಲ್ರೀ. ನಿಮ್ ಅವ್ವಾರೂ ಭಾಳ ಚಲೋ ಅದಾರ. ಆದ್ರ ನನಗ ಇಲ್ಲಿ ಇರಾಕ ಆಗಂಗಿಲ್ಲ. ಆ ಗಿಡಗಳ ನಡಕ್ ಬಂದಾಗಿಂದ ಉಸುರ್ ಕಟ್ಟಿದಂಗ ಆಗಾಕತ್ತೈತಿ. ಅರ್ಧ ತಾಸಿಗೇ ಹಿಂಗಾದ್ರ, ಜೀವಮಾನ ಹೆಂಗ ಕಳೀಲ್ರೀ?"

ನಾನು ಏನು ಹೇಳಬೇಕಿತ್ತೋ. ಹೇಳಿದ್ದು ಇಷ್ಟು, "ಮನೆ ಮುಂದಿನ ಎರಡು ಹಲಸಿನ ಮರ ಕಡಿಸ್ತೀನಿ. ಬೆಳಕಾಗ್ತದೆ."

ಅವಳು ನಕ್ಕಳು. ಹಂಗಿಸುವ ನಗುವಲ್ಲ, ಅದಕ್ಕೇ ಹೆಚ್ಚು ನೋವಾಯಿತು. "ಎಷ್ಟ್ ಗಿಡಾ ಕಡಿತೀರ್ರೀ?" ಎಂದಳು.

ಆಮೇಲೆ ಅವಳು ತನ್ನ ಮನೆಯ ವಿಷಯ ಹೇಳಿದಳು. ಅಪ್ಪ, ಅವ್ವ ಇಬ್ಬರೂ ಇಲ್ಲ. ಅಣ್ಣನ ಮನೆಯಲ್ಲಿ ಇರುವುದು. ಹಿಂದೊಮ್ಮೆ ನಿಶ್ಚಯವಾಗಿ ಮುರಿದಿತ್ತು. ಆಮೇಲೆ ಬಂದ ಎರಡು ಸಂಬಂಧವನ್ನು ಇವಳೇ ಬೇಡವೆಂದಿದ್ದಳು. ಈ ಸಲ ಬೇಡ ಅಂದರೆ ಮನೆಗೆ ಕರೆದುಕೊಂಡು ಹೋಗುವುದಿಲ್ಲ, ಘಾಟಿಯಲ್ಲೇ ಇಳಿಸಿ ಹೋಗುತ್ತೇನೆ ಎಂದು ಕಾರಿನಲ್ಲಿ ಅಣ್ಣ ಹೇಳಿದ್ದರಂತೆ. "ಬಾಯಿಮಾತಿಗೆ ಅಂದಿದ್ದು ಅನ್ರಿ. ಇಳಸೂದಿಲ್ಲ. ಆದ್ರ ಮನ್ಯಾಗ ನಾ ಇರೂದು ಕಷ್ಟ ಆಗತೈತಿ."

"ಹಂಗಾರೆ ಎಂತ ಮಾಡದು?" ಎಂದು ಕೇಳಿದೆ.

ಅವಳು ಮೊದಲ ಸಲ ಮುಖ ತಪ್ಪಿಸಿದಳು. ಕೋಲಿನಿಂದ ಕಲ್ಲಿನ ಮೇಲಿನ ಒಣ ಪಾಚಿ ಕೆರೆಯುತ್ತ, "ನೀವಾ ಬ್ಯಾಡ ಅಂತ ಹೇಳ್ತೀರೇನ್ರೀ?" ಎಂದಳು.

ಹೂಂ ಎಂದೆ. ಅದನ್ನು ದೊಡ್ಡತನವೆಂದು ನಾನು ಹೇಳಿಕೊಳ್ಳಲಾರೆ. ಎದುರಿಗೆ ಕೂತ ಒಬ್ಬಳು ಉಸಿರು ಕಟ್ಟುತ್ತದೆ ಎನ್ನುವಾಗ ಬೇರೆ ಏನು ಹೇಳಬೇಕೆಂದು ನನಗೆ ಹೊಳೆಯಲಿಲ್ಲ, ಅಷ್ಟೇ. ಅವಳು ಕಣ್ಣೊರೆಸಿಕೊಂಡು, ಬರ್ರಿ, ಇಳಿಯೂಣು ಎಂದಳು. ಇಳಿಯುವಾಗ ಅವಳೇ ಮುಂದೆ ನಡೆದಳು. ಹಳದಿ ಬಾಣಗಳನ್ನು ಹುಡುಕಿಕೊಂಡು ಬೇಗಬೇಗ ಇಳಿದಳು. ನಾನು ಒಂದು ಮರದ ಹೆಸರನ್ನೂ ಹೇಳಲಿಲ್ಲ. ಹಳ್ಳದ ಹತ್ತಿರ ಕೋಲನ್ನು ನನ್ನ ಕೈಗೆ ಕೊಟ್ಟು ಕಾಲಿನ ಎಲೆ ಕೊಡವಿಕೊಂಡಳು.

ನಮ್ಮನ್ನು ನೋಡಿ ಜಗಲಿಯಲ್ಲಿ ಎಲ್ಲರ ಮುಖ ಅರಳಿತು. ಅಮ್ಮ ಕಾಫಿಗೆ ಇಟ್ಟಿದ್ದಳು. ಹುಡುಗಿಯ ಅಣ್ಣ ಈಗ ಸುಧಾರಿಸಿಕೊಂಡು ಎಲೆ ಅಡಿಕೆ ಹಾಕುತ್ತಿದ್ದರು. ಮಧ್ಯಸ್ಥಿಕೆಯವರು ನಗುತ್ತ, "ಮತ್ತೆ? ಬಂಡೆ ಎಂತ ಹೇಳ್ತು?" ಎಂದರು.

ಆಮೇಲೆ ಫೋನಿನಲ್ಲಿ ತಿಳಿಸುತ್ತೇವೆ ಎನ್ನುವ ಮಾತು ಇದ್ದೇ ಇತ್ತು. ನನಗೆ ನೆನಪಾಗಲಿಲ್ಲ. ನಿಂತಲ್ಲೇ, "ನಂಗೆ ಇದು ಸರಿ ಬರಲ್ಲ," ಎಂದುಬಿಟ್ಟೆ.

ಅಕ್ಕ, "ಏನಾ?" ಎಂದಳು, ಕೇಳಿಸದವಳ ಹಾಗೆ.

ಹುಡುಗಿಯ ಅಣ್ಣ ಎದ್ದು ನಿಂತರು. "ಏನ್ ಸರಿ ಬರಂಗಿಲ್ರೀ? ನಮ್ ತಂಗೀಗೆ ಏನ್ ಕಮ್ಮಿ ಐತಿ? ಹೇಳ್ರಿ, ಕೇಳೂಣು."

ಕಾರಣವೊಂದನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ಅವಳು ಕಂಬಕ್ಕೆ ಒರಗಿ, ಅಕ್ಕನ ಶೂವಿನ ದಾರ ಬಿಚ್ಚುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ನನಗೆ ಮದುವೆಯೇ ಬೇಡ ಅನ್ನಿಸಿದೆ ಎಂದೆ.

"ಮದಿವಿ ಬ್ಯಾಡಾದವ್ರು ನಮ್ಮನ್ಯಾಕ್ ಕರಿಸಿದ್ರಿ? ಹೆಣ್ಣುಮಗಳನ್ನ ಅಡವ್ಯಾಗ್ ಕರಕೊಂಡ್ ಹೋಗಿ, ತಿರುಗಿಸಿ, ಬ್ಯಾಡ ಅಂತಾರೇನ್ರೀ ಮನುಷ್ಯಾರು?"

ಆ ಮಾತಿಗೆ ಅಮ್ಮ ಅಡುಗೆಮನೆಯ ಬಾಗಿಲು ಹಿಡಿದುಕೊಂಡು ನಿಂತಳು. ಹುಡುಗಿ ಥಟ್ಟನೆ ತಲೆಯೆತ್ತಿ, "ಅಣ್ಣಾ, ಅವ್ರೇನೂ ತಪ್ಪ ನಡಕೊಂಡಿಲ್ಲ. ಹೋಗೂಣು ನಡಿ," ಎಂದಳು. ಅವಳು ನನ್ನ ಪರವಾಗಿ ಅಷ್ಟಾದರೂ ಹೇಳಿದಳು. ಅದರಿಂದ ಅಣ್ಣನ ಸಿಟ್ಟು ಹೆಚ್ಚಾಯಿತೇ ಹೊರತು ಇಳಿಯಲಿಲ್ಲ. ಕಾಫಿ ಮುಟ್ಟದೆ ಅಂಗಳಕ್ಕೆ ಇಳಿದರು. ಅಮ್ಮ ಒಳಗೆ ಓಡಿ, ಕುಂಕುಮದ ಬಟ್ಟಲು, ಮೊದಲೇ ತೆಗೆದಿಟ್ಟಿದ್ದ ಹಸಿರು ರವಿಕೆ ಕಣ ತಂದಳು. ಬರಿಗೈಯಲ್ಲಿ ಹೆಣ್ಣುಮಗಳನ್ನು ಕಳಿಸುವುದು ಅವಳಿಂದ ಆಗದು. ಅವಸರದಲ್ಲಿ ಇಟ್ಟ ಕುಂಕುಮ ಹುಡುಗಿಯ ಮೂಗಿನ ಮೇಲೆಲ್ಲ ಉದುರಿತು. ಹುಡುಗಿ ಬಗ್ಗಿ ಅಮ್ಮನ ಕಾಲು ಮುಟ್ಟಿ ಕಾರು ಹತ್ತಿದಳು. ನನ್ನ ಕಡೆ ನೋಡಲಿಲ್ಲ. ನೋಡಬಾರದಿತ್ತು ಕೂಡ.

ಮಧ್ಯಸ್ಥಿಕೆಯವರು ಕೊನೆಯಲ್ಲಿ ಕಾರಿನ ಬಾಗಿಲು ಹಿಡಿದು ನನಗೆ ಹೇಳಿದರು, "ನಿಂಗೆ ಯಾವ ರಾಜಕುಮಾರಿ ಬೇಕಿತ್ತು ಮಾರಾಯ? ಇನ್ನು ನನ್ನ ಅಂಗಡಿ ಮೆಟ್ಲು ಹತ್ಬೇಡ."

ಅಕ್ಕ ಆ ದಿನವೇ ಬಸ್ಸಿಗೆ ಹೋದಳು. ಹೋಗುವ ಮೊದಲು ಅತ್ತಳು, ಬೈದಳು. ಹತ್ತು ವರ್ಷ ನಿನಗಾಗಿ ಕಂಡವರ ಮನೆ ಬಾಗಿಲಲ್ಲಿ ಹಲ್ಲು ಗಿಂಜಿದ್ದಕ್ಕೆ ಚೆನ್ನಾಗಿ ಮಾಡಿದೆ ಎಂದಳು. ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನಿಜ ಹೇಳಿಬಿಡಬಹುದಿತ್ತು. ಆದರೆ ಅಕ್ಕನಿಗೆ ಹೇಳಿದರೆ ಮಧ್ಯಸ್ಥಿಕೆಯವರ ಹೆಂಡತಿಗೆ, ಅಲ್ಲಿಂದ ಹಾವೇರಿಗೆ ಮುಟ್ಟಲು ಎರಡು ದಿನ ಸಾಕು. ಹಾಗಾಗಿ ಸುಮ್ಮನಿದ್ದೆ. ಅಮ್ಮ ಬೈಯಲಿಲ್ಲ. ಬಹಳ ದಿನ ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ಊಟಕ್ಕೆ ಬಾ, ಗೇಟು ಹಾಕು, ದನ ಬಂತು. ಒಮ್ಮೆ ಮಾತ್ರ, ಬಡಿಸುತ್ತ ಇದ್ದವಳು ಸೌಟು ಹಿಡಿದೇ ಕೇಳಿದಳು, "ಎಂತಕ್ಕೆ ಬೇಡ ಅಂದೆ? ನನ್ನನ್ನ ನೋಡ್ಕಳದು ಅವಳಿಗೆ ಹೊರೆ ಆಗ್ತದೆ ಅಂತನಾ?" ಅಲ್ಲಮ್ಮ ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ಸುದ್ದಿ ಹರಡಿತು. ಜಯಪುರದ ಸಂತೆಯಲ್ಲಿ ಒಬ್ಬರು ಮುಖಕ್ಕೇ ಹೇಳಿದರು, ಹೆಣ್ಣು ಮನೆಗೆ ಬಂದರೂ ಒಲ್ಲೆ ಅಂದವನಂತೆ ನೀನು. ಆಮೇಲೆ ಯಾರೂ ಸಂಬಂಧ ತರಲಿಲ್ಲ. ಅಕ್ಕನ ಸಿಟ್ಟು ಒಂದೂವರೆ ವರ್ಷದಲ್ಲಿ ಇಳಿಯಿತು, ಆದರೆ ಮದುವೆಯ ಮಾತು ಎತ್ತುವುದನ್ನು ಬಿಟ್ಟಳು. ನಾನೂ ಬಿಟ್ಟೆ. ಬಾಳೆಹೊನ್ನೂರಿಗೆ ಹೋದರೆ ಪಂಪ್‌ಸೆಟ್ ಅಂಗಡಿಯ ಬೀದಿ ಬಿಟ್ಟು ಸುತ್ತಿ ಹೋಗುತ್ತಿದ್ದೆ. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಅವರೇ ಎದುರಾದರು. ಬೈಯಬಹುದೆಂದು ನಿಂತೆ. ಅವರು ಎಲ್ಲ ಮರೆತವರಂತೆ ಮೋಟಾರಿನ ವಿಷಯ ಮಾತಾಡಿ, ಕೊನೆಯಲ್ಲಿ, "ಆ ಹುಡ್ಗಿದು ಮದ್ವೆ ಆಯ್ತಲ್ಲ. ಹುಬ್ಬಳ್ಳಿ ಕಡೆ. ಎರಡನೇ ಸಂಬಂಧ. ಅವನಿಗೆ ಮೊದಲನೇದರಲ್ಲಿ ಇಬ್ಬರು ಮಕ್ಕಳು," ಎಂದರು. ಹೇಗಿದ್ದಾಳೆ ಎಂದು ಕೇಳಿದೆ. "ಇದಾಳೆ," ಎಂದರು. ಅಷ್ಟರಲ್ಲಿ ಕೊಪ್ಪದ ಬಸ್ಸು ಬಂತು.

ಹೋದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಕೊಪ್ಪದ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಹೆಂಗಸರ ವಾರ್ಡು, ಅಕ್ಕ ಇರುವಷ್ಟು ದಿನ ಇದ್ದು ಹೋದ ಮೇಲೆ ನಾನೇ ಇದ್ದೆ. ಅಮ್ಮನ ಬಟ್ಟೆ ಬದಲಿಸಲು ಪ್ರತಿ ಸಲ ನರ್ಸನ್ನು ಹುಡುಕಿಕೊಂಡು ಹೋಗುವುದು. ಪಕ್ಕದ ಹಾಸಿಗೆಯ ಮುದುಕಿಗೆ ಸೊಸೆ ಇದ್ದಳು. ಒಂದು ಮಧ್ಯಾಹ್ನ ಅವಳು ಅತ್ತೆಯ ತಲೆ ಬಾಚುತ್ತಿದ್ದಳು. ಅಮ್ಮ ಅದನ್ನೇ ನೋಡುತ್ತ ಮಲಗಿದ್ದಳು. ನನಗೆ ತಡೆಯಲಾಗಲಿಲ್ಲ. ಸ್ಟೂಲು ಹತ್ತಿರ ಎಳೆದುಕೊಂಡು ಎಲ್ಲ ಹೇಳಿದೆ. ಬಂಡೆಯ ಆಚೆ ಬದಿ ಅವಳು ಏನು ಹೇಳಿದಳು, ಏನು ಕೇಳಿಕೊಂಡಳು, ನಾನು ಯಾಕೆ ಹಾಗೆ ಹೇಳಿದೆ, ಎಲ್ಲ.

ಅಮ್ಮ ಆಶ್ಚರ್ಯಪಡಲಿಲ್ಲ, ಹೊಗಳಲೂ ಇಲ್ಲ.

"ಅವತ್ತೇ ಯಾಕೆ ಹೇಳಕ್ಕೆ ಹೋದೆ?" ಎಂದಳು. "ಒಂದು ವಾರ ಬಿಟ್ಟು ಫೋನಲ್ಲಿ ಹೇಳ್ಬೌದಿತ್ತಲ. ಹೊಸ ಜಾಗ, ಹೆದರಿರ್ತಾಳೆ. ನಾ ಮದ್ವೆ ಆಗಿ ಬಂದಾಗ ಒಂದು ತಿಂಗಳು ಅತ್ತಿದೀನಿ. ಊರಿಗೆ ಹೋಗಿ ನಾಕು ದಿನ ಕೂತಿದ್ರೆ ಅವಳ ಮನಸ್ಸು ತಿರುಗ್ತಿತ್ತೇನ."

ಈ ಯೋಚನೆ ಅಷ್ಟು ವರ್ಷಗಳಲ್ಲಿ ಒಂದು ಸಲವೂ ನನ್ನ ತಲೆಗೆ ಬಂದಿರಲಿಲ್ಲ. ಇಲ್ಲಮ್ಮ, ಅವಳು ತಿರುಗುವವಳಲ್ಲ ಎಂದೆ. ಹೇಳಿದ ಮೇಲೆ, ಅದು ನನಗೆ ಹೇಗೆ ಗೊತ್ತು ಅನ್ನಿಸಿತು. ಒಂದು ತಾಸು ಜೊತೆಗೆ ನಡೆದವಳ ವಿಷಯ ನನಗೆ ಏನು ಗೊತ್ತು.

"ಹೋಗ್ಲಿ ಬಿಡು," ಎಂದು ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಆ ಕಡೆಯಿಂದಲೇ, "ಸಾರು ತಂದಿದೀಯನಾ?" ಎಂದು ಕೇಳಿದಳು.

ಕ್ಯಾರಿಯರ್ ಬಿಚ್ಚಿ ಅನ್ನಕ್ಕೆ ಸಾರು ಹಾಕಿ ಕಲಸಿದೆ. ಸಾರು ಆರಿಹೋಗಿತ್ತು. ಬೆಳಿಗ್ಗೆ ಮನೆಗೆ ಹೋಗಿ ಮಾಡಿ ತರುವ ಅವಸರದಲ್ಲಿ ಉಪ್ಪನ್ನೂ ಸರಿಯಾಗಿ ಹಾಕಿರಲಿಲ್ಲ. ಅಮ್ಮ ಅಷ್ಟನ್ನೂ ತಿಂದಳು.